ಹಾಕಿ ಲೀಗ್: ಹೊಸ ಋತು ಬರುತ್ತದೆ, ನಮ್ಮ ತಂಡ ಯಾವುದು?

ಬೆಂಗಳೂರು: ಕುಂದಲಹಳ್ಳಿಯಲ್ಲಿ ನಮ್ಮ ಮೆಟ್ರೊದ ನೇರಳೆ ಮಾರ್ಗದ ರೈಲು ಹತ್ತಿದವರು ಎಲ್ಲಿಯೂ ಬದಲಿಸದೆ ನಗರದ ಇನ್ನೊಂದು ತುದಿಯ ಜ್ಞಾನಭಾರತಿಗೆ ಹೋಗಿ ಇಳಿಯಬಹುದು. ಆ ಭಾಗದಲ್ಲೇ ಇದೆ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಕಂಚಿನ ಪದಕ ಗೆದ್ದ ಭಾರತ ಪುರುಷರ ಹಾಕಿ ತಂಡ ತಯಾರಾದದ್ದು ಇಲ್ಲಿನ ಟರ್ಫ್ ಮೇಲೆ. ದೇಶದ ಹಾಕಿಯ ತಾಲೀಮು ಮನೆ ಎಂದು ಕರೆಯಬಹುದಾದ ಊರು ಇದು. ಆದರೆ ಹಾಕಿ ಇಂಡಿಯಾ ಲೀಗ್‌ನ ಋತು ಹತ್ತಿರ ಬಂದಾಗ ಇದೇ ಊರಿನ ಅಭಿಮಾನಿಗಳಿಗೆ ಜೈಕಾರ ಹಾಕಲು ತಮ್ಮದೆಂಬ ತಂಡವಿಲ್ಲ!

2013ರಲ್ಲಿ ಆರಂಭವಾಗಿ 2017ರವರೆಗೆ ನಡೆದ ಲೀಗ್‌ನ ಐದೂ ಆವೃತ್ತಿಗಳಲ್ಲಿ ಕರ್ನಾಟಕದ ತಂಡವಿರಲಿಲ್ಲ. ಏಳು ವರ್ಷಗಳ ಬಿಡುವಿನ ನಂತರ 2024ರ ಡಿಸೆಂಬರ್ 28ರಂದು ಲೀಗ್ ಮತ್ತೆ ಶುರುವಾದಾಗ ಪುರುಷರ ವಿಭಾಗದಲ್ಲಿ ಎಂಟು, ಮಹಿಳೆಯರ ವಿಭಾಗದಲ್ಲಿ ನಾಲ್ಕು ತಂಡಗಳಿದ್ದವು. ಹೈದರಾಬಾದ್‌ಗೆ ಒಂದು ತಂಡ, ತಮಿಳುನಾಡಿಗೆ ಒಂದು ತಂಡ. ಕರ್ನಾಟಕದ ಹೆಸರು ಅಲ್ಲಿಯೂ ಇರಲಿಲ್ಲ. ಕ್ರಿಕೆಟ್‌ಗೆ ರಾಯಲ್ ಚಾಲೆಂಜರ್ಸ್, ಫುಟ್‌ಬಾಲ್‌ಗೆ ಬೆಂಗಳೂರು ಎಫ್‌ಸಿ, ಕಬಡ್ಡಿಗೆ ಬೆಂಗಳೂರು ಬುಲ್ಸ್ ಇರುವ ಮಹಾನಗರದಲ್ಲಿ, ಒಲಿಂಪಿಕ್ ಪದಕ ವಿಜೇತರನ್ನು ಕೊಟ್ಟ ಕ್ರೀಡೆಗೆ ಮಾತ್ರ ತಂಡವಿಲ್ಲದಿರುವುದೇಕೆ? ತಂಡವಿಲ್ಲದ ಅಭಿಮಾನಿ ಋತುವಿನ ಮುನ್ನ ಏನನ್ನು ಚರ್ಚಿಸಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ಇಲ್ಲಿದೆ.

ಎರಡು ಬಾರಿ ಚಾಂಪಿಯನ್ನರು

ಕರ್ನಾಟಕಕ್ಕೆ ಎಂದೂ ಲೀಗ್ ತಂಡವಿರಲಿಲ್ಲ ಎಂದಲ್ಲ. ಭಾರತೀಯ ಹಾಕಿ ಫೆಡರೇಷನ್ 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ (ಪಿಎಚ್‌ಎಲ್) ಆರಂಭಿಸಿದಾಗ ಬೆಂಗಳೂರಿನ ತಂಡ ಮೊದಲ ಶ್ರೇಣಿಯಲ್ಲೇ ಸ್ಥಾನ ಪಡೆದಿತ್ತು. ಐಪಿಎಲ್ ಎಂಬ ಹೆಸರೇ ಹುಟ್ಟದಿದ್ದ ಕಾಲವದು. 70 ನಿಮಿಷಗಳ ಪಂದ್ಯವನ್ನು ನಾಲ್ಕು ಭಾಗ ಮಾಡಿ, ಟಿ.ವಿ. ವೀಕ್ಷಕರಿಗೆ ಒಗ್ಗುವಂತೆ ಆಡಿಸಿದ ಆ ಲೀಗ್‌ನ ಮೊದಲ ಋತುವಿನ ಪಂದ್ಯಗಳು ಹೈದರಾಬಾದ್‌ನ ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ನಡೆದವು. ಪ್ರಶಸ್ತಿಯೂ ಹೈದರಾಬಾದ್ ಸುಲ್ತಾನ್ಸ್ ಪಾಲಾಯಿತು. ಅಂತರರಾಷ್ಟ್ರೀಯ ಹಾಕಿ ಹಲವು ವರ್ಷಗಳ ನಂತರ ನಾಲ್ಕು ಕ್ವಾರ್ಟರ್‌ಗಳ ಪದ್ಧತಿಗೆ ಹೊರಳಿತು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ನಂತರದ ಮೂರು ಋತುಗಳಲ್ಲಿ ಎರಡು ಬಾರಿ, ಅಂದರೆ 2006 ಮತ್ತು 2008ರಲ್ಲಿ, ಪ್ರಶಸ್ತಿ ಎತ್ತಿದ್ದು ಬೆಂಗಳೂರಿನ ತಂಡ. ಲಯನ್ಸ್, ಹೈ ಫ್ಲೈಯರ್ಸ್ ಎಂಬ ಹೆಸರುಗಳಲ್ಲಿ ಆಡಿದ ಆ ತಂಡದ ಮುಖ್ಯ ಆಧಾರವಾಗಿದ್ದವರು ಸೋಮವಾರಪೇಟೆಯ ಅರ್ಜುನ್ ಹಾಲಪ್ಪ. ನಡುವಿನ 2007ರ ಪ್ರಶಸ್ತಿ ಒರಿಸ್ಸಾ ಸ್ಟೀಲರ್ಸ್ ಪಾಲಾಗಿತ್ತು. ನಾಲ್ಕು ಋತುಗಳಲ್ಲಿ ಎರಡು ಕಿರೀಟ ಎಂದರೆ ಲೀಗ್‌ನ ಅತ್ಯಂತ ಯಶಸ್ವಿ ತಂಡ ಬೆಂಗಳೂರಿನದೇ ಎಂದಾಯಿತು.

ಇಂತಹ ತಂಡ ಕಣ್ಮರೆಯಾದದ್ದು ಮೈದಾನದಲ್ಲಿ ಸೋತಿದ್ದರಿಂದಲ್ಲ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಅರ್ಹತಾ ಟೂರ್ನಿಯಲ್ಲಿ ಸೋತ ಭಾರತ, ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ವಿಫಲವಾಯಿತು. ಮರು ತಿಂಗಳೇ ಭಾರತ ಒಲಿಂಪಿಕ್ ಸಂಸ್ಥೆ ಹಾಕಿ ಫೆಡರೇಷನ್ ಅನ್ನು ಅಮಾನತುಗೊಳಿಸಿತು. ಆಡಳಿತದ ಮನೆಯೇ ಕುಸಿದಾಗ ಲೀಗ್ ಉಳಿಯಲಿಲ್ಲ. ಲೀಗ್ ಹೋದಾಗ ಚಾಂಪಿಯನ್ ತಂಡವೂ ಹೋಯಿತು.

2012ರ ಫೆಬ್ರವರಿ 29ರಂದು ಆರಂಭವಾದ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಕರ್ನಾಟಕ ಲಯನ್ಸ್ ಹೆಸರಿನಲ್ಲಿ ರಾಜ್ಯಕ್ಕೆ ಮತ್ತೊಮ್ಮೆ ತಂಡ ದೊರೆಯಿತು. ಎಂಟು ತಂಡಗಳ ಆ ಟೂರ್ನಿಯನ್ನು ಶೇರ್ ಎ ಪಂಜಾಬ್ ಗೆದ್ದುಕೊಂಡಿತು. ಆದರೆ ಅದಕ್ಕೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನ ಮಾನ್ಯತೆ ಇರಲಿಲ್ಲ. 2009ರಲ್ಲಿ ರಚನೆಯಾಗಿದ್ದ ಹಾಕಿ ಇಂಡಿಯಾ ಮತ್ತು ಹಳೆಯ ಫೆಡರೇಷನ್ ನಡುವಿನ ಹಗ್ಗಜಗ್ಗಾಟದಲ್ಲಿ ಅದು ಒಂದೇ ಋತುವಿಗೆ ಮುಗಿಯಿತು. ಮರು ವರ್ಷ ಹಾಕಿ ಇಂಡಿಯಾ ತನ್ನದೇ ಲೀಗ್ ಆರಂಭಿಸಿದಾಗ ದೆಹಲಿ, ಮುಂಬೈ, ಪಂಜಾಬ್, ರಾಂಚಿ ಮತ್ತು ಉತ್ತರ ಪ್ರದೇಶದ ಐದು ತಂಡಗಳಿದ್ದವು. ದಕ್ಷಿಣ ಭಾರತದ ಒಂದು ತಂಡವೂ ಇರಲಿಲ್ಲ.

ತಂಡವಿಲ್ಲ, ಆಟಗಾರರಿದ್ದರು

ರಾಜ್ಯಕ್ಕೆ ತಂಡವಿಲ್ಲದಿದ್ದರೂ ರಾಜ್ಯದ ಆಟಗಾರರಿಗೆ ಬೇಡಿಕೆ ಕಡಿಮೆ ಇರಲಿಲ್ಲ. 2013ರ ಮೊದಲ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶ ವಿಜರ್ಡ್ಸ್ 76 ಸಾವಿರ ಡಾಲರ್‌ಗೆ ಖರೀದಿಸಿತು. ಅವರಿಗಿಂತ ಹೆಚ್ಚಿನ ಬೆಲೆಗೆ ಹೋದವರು 78 ಸಾವಿರ ಡಾಲರ್ ಪಡೆದ ಸರ್ದಾರ್ ಸಿಂಗ್. ಮಿಂಚಿನ ಓಟಕ್ಕೆ ಹೆಸರಾದ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದರು. ಕನ್ನಡಿಗ ಅಭಿಮಾನಿಗಳು ಆ ದಿನಗಳಲ್ಲಿ ಊರಿನ ಹೆಸರಿಗಿಂತ ಆಟಗಾರನ ಹೆಸರು ನೋಡಿ ಪಂದ್ಯ ನೋಡುವುದನ್ನು ರೂಢಿ ಮಾಡಿಕೊಂಡರು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತ ತಂಡದಲ್ಲಿ ಕರ್ನಾಟಕದ ನಾಲ್ವರಿದ್ದರು: ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕ್ಕಿನ್ ತಿಮ್ಮಯ್ಯ. ನಾಲ್ವರೂ ಕೊಡಗು ಜಿಲ್ಲೆಯವರು. ನಂತರದ ಎರಡು ಒಲಿಂಪಿಕ್ಸ್‌ಗಳಲ್ಲಿ, ಅಂದರೆ 41 ವರ್ಷಗಳ ಬಳಿಕ ಪದಕ ಬಂದ ಟೋಕಿಯೊದಲ್ಲಿ ಮತ್ತು ಆ ಪದಕವನ್ನು ಉಳಿಸಿಕೊಂಡ ಪ್ಯಾರಿಸ್‌ನಲ್ಲಿ, ಭಾರತ ಪುರುಷರ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ.

ಹಳೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಖಾಲಿತನದ ತೂಕ ಅರ್ಥವಾಗುತ್ತದೆ. ಬೆಳಗಾವಿಯ ಬಂಡು ಪಾಟೀಲ್ 1964ರ ಟೋಕಿಯೊ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ ತಂಡದಲ್ಲಿದ್ದರು. ಕೊಡಗಿನ ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು. ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದವರು. ಎಂ.ಎಂ. ಸೋಮಯ್ಯ 1980ರ ಮಾಸ್ಕೊ ಚಿನ್ನದ ತಂಡದ ಸದಸ್ಯರಾಗಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದವರು. ಬೆಂಗಳೂರಿನ ಜೂಡ್ ಫೆಲಿಕ್ಸ್ ತೊಂಬತ್ತರ ದಶಕದಲ್ಲಿ ಭಾರತ ತಂಡದ ನಾಯಕರಾಗಿದ್ದರೆ, ಗೋಲ್‌ಕೀಪರ್ ಆಶಿಶ್ ಬಲ್ಲಾಳ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಚಿನ್ನಕ್ಕೆ ಕಾರಣರಾದವರಲ್ಲಿ ಒಬ್ಬರು. ಮಹಿಳೆಯರ ಹಾಕಿಯಲ್ಲಿ ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ನಾಯಕತ್ವದ ರಾಜ್ಯ ತಂಡ ಅರವತ್ತರ ದಶಕದಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತ್ತು.

ಲೀಗ್ ತಂಡವಿಲ್ಲದಿರುವುದೇ ಒಲಿಂಪಿಕ್ ತಂಡದಲ್ಲಿ ಕನ್ನಡಿಗರಿಲ್ಲದಿರಲು ಕಾರಣ ಎಂದು ನೇರವಾಗಿ ಹೇಳಲಾಗದು. ಲೀಗ್ ಇದ್ದ ಐದು ವರ್ಷಗಳಲ್ಲೂ ರಾಜ್ಯಕ್ಕೆ ತಂಡವಿರಲಿಲ್ಲ. ಆದರೂ ರಿಯೊಗೆ ನಾಲ್ವರು ಹೋದರು. ಆದರೆ ಆ ನಾಲ್ವರು ಲೀಗ್ ಬರುವ ಮೊದಲೇ ಬೆಳೆದು ನಿಂತಿದ್ದ ಪೀಳಿಗೆಯವರು ಎಂಬುದನ್ನು ಮರೆಯುವಂತಿಲ್ಲ. ರಘುನಾಥ್, ಸುನಿಲ್ ಮತ್ತು ಉತ್ತಪ್ಪ 2012ರ ಲಂಡನ್ ಒಲಿಂಪಿಕ್ಸ್‌ನಲ್ಲೇ ಆಡಿದ್ದರು. ಪ್ರಶ್ನೆ ಇರುವುದು ಅವರ ನಂತರ ಬಂದವರ ಬಗ್ಗೆ.

ಏಣಿಯ ಒಂದು ಮೆಟ್ಟಿಲು

ಪುನರಾರಂಭಗೊಂಡ ಲೀಗ್‌ನ ರಚನೆಯನ್ನು ಅರಿತರೆ ಈ ಮಾತು ಸ್ಪಷ್ಟವಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ನಡೆದ ಹರಾಜಿನಲ್ಲಿ ಪ್ರತಿ ಪುರುಷರ ತಂಡಕ್ಕೆ ಖರ್ಚಿನ ಮಿತಿ 4 ಕೋಟಿ ರೂಪಾಯಿ, ಮಹಿಳೆಯರ ತಂಡಕ್ಕೆ 2 ಕೋಟಿ ರೂಪಾಯಿ. ತಂಡದಲ್ಲಿ 24 ಆಟಗಾರರು. ಅವರಲ್ಲಿ 16 ಮಂದಿ ಭಾರತೀಯರು, 8 ಮಂದಿ ವಿದೇಶಿಯರು. ಭಾರತೀಯರಲ್ಲಿ ಕನಿಷ್ಠ ನಾಲ್ವರು ಜೂನಿಯರ್ ಆಟಗಾರರಿರಬೇಕು.

ಅಭಿಮಾನಿಗಳ ಕಣ್ಣು ಸಾಮಾನ್ಯವಾಗಿ ದೊಡ್ಡ ಬೆಲೆಯ ಮೇಲೆ ಬೀಳುತ್ತದೆ. ಆದರೆ ಒಂದು ರಾಜ್ಯದ ದೃಷ್ಟಿಯಿಂದ ಮುಖ್ಯವಾದದ್ದು ಆ ನಾಲ್ಕು ಜೂನಿಯರ್ ಸ್ಥಾನಗಳು. ಕೂಡಿಗೆಯ ಕ್ರೀಡಾ ಶಾಲೆಯಲ್ಲೋ, ಬೆಂಗಳೂರಿನ ಅಕಾಡೆಮಿಯಲ್ಲೋ ಕಲಿತ 19 ವರ್ಷದ ಹುಡುಗ ಜರ್ಮನಿ, ನೆದರ್ಲೆಂಡ್ಸ್ ಅಥವಾ ಅರ್ಜೆಂಟೀನಾದ ಒಲಿಂಪಿಯನ್ ಪಕ್ಕದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಅವಕಾಶ ಸಿಗುವುದು ಅಲ್ಲಿ ಮಾತ್ರ. ಹರಾಜು ಮುಕ್ತವಾಗಿರುವುದರಿಂದ ಯಾವ ರಾಜ್ಯದ ಹುಡುಗನನ್ನು ಯಾವ ತಂಡ ಬೇಕಾದರೂ ಕೊಳ್ಳಬಹುದು, ನಿಜ. ಆದರೆ ಮಾಲೀಕರೂ ತರಬೇತುದಾರರೂ ಹತ್ತಿರದಲ್ಲಿ ಕಂಡ ಪ್ರತಿಭೆಯನ್ನು ಮೊದಲು ಗುರುತಿಸುವುದು ಸಹಜ. ಊರಿನಲ್ಲಿ ತಂಡವಿದ್ದರೆ ಸ್ಥಳೀಯ ಲೀಗ್ ಪಂದ್ಯಗಳನ್ನು ನೋಡಲು ಒಬ್ಬ ಆಯ್ಕೆದಾರನಾದರೂ ಬರುತ್ತಾನೆ. ಅಭಿಮಾನಿಗಳ ಬೇಡಿಕೆಯ ಹಿಂದೆ ಊರಿನ ಅಭಿಮಾನಕ್ಕಿಂತ ಹೆಚ್ಚಿನದೇನೋ ಇದೆ ಎನ್ನುವುದು ಈ ಕಾರಣಕ್ಕಾಗಿ.

ಬೆಂಗಳೂರಿನ ಮೊಹಮ್ಮದ್ ರಾಹೀಲ್ ಇತ್ತೀಚಿನ ವರ್ಷಗಳಲ್ಲಿ ಭಾರತ ತಂಡದ ಅಂಗಿ ತೊಟ್ಟಿರುವುದು ರಾಜ್ಯದ ಹಾಕಿಯ ತೊರೆ ಪೂರ್ತಿ ಬತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಹರಿವು ಕಿರಿದಾಗಿದೆ ಎಂಬುದಷ್ಟೇ ಆತಂಕ.

ತಂಡ ಏಕೆ ಬರಲಿಲ್ಲ?

ಮೊದಲ ಕಾರಣ ಹಣದ ಲೆಕ್ಕ. ಹಾಕಿ ತಂಡ ನಡೆಸುವುದು ಲಾಭದ ವ್ಯವಹಾರವೆಂದು ಯಾರೂ ಭಾವಿಸುವುದಿಲ್ಲ. ಟಿಕೆಟ್ ಮಾರಾಟದ ಆದಾಯ ಅತ್ಯಲ್ಪ; ಪ್ರಸಾರ ಹಕ್ಕಿನ ಮೌಲ್ಯವನ್ನು ಕ್ರಿಕೆಟ್‌ಗೆ ಹೋಲಿಸುವಂತೆಯೇ ಇಲ್ಲ. 2025ರಲ್ಲಿ ಆಡಿದ್ದ ಯುಪಿ ರುದ್ರಾಸ್ ಮರು ಋತುವಿಗೆ ಮುನ್ನ ಲೀಗ್‌ನಿಂದ ಹಿಂದೆ ಸರಿದದ್ದು ಈ ಲೆಕ್ಕಾಚಾರದ ಕಷ್ಟವನ್ನು ತೋರಿಸುತ್ತದೆ.

ಎರಡನೆಯ ಕಾರಣ ಸರ್ಕಾರ ಮತ್ತು ಉದ್ಯಮಗಳ ಆಸಕ್ತಿ. ಒಡಿಶಾ ಸರ್ಕಾರ 2018ರಿಂದ ಭಾರತದ ಪುರುಷ ಮತ್ತು ಮಹಿಳಾ ಹಾಕಿ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡಿದೆ. 2023ರ ವಿಶ್ವಕಪ್‌ಗಾಗಿ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಕಟ್ಟಿಸಿತು. ಹಿಂದಿನ ಲೀಗ್‌ನಲ್ಲಿ ಕಳಿಂಗ ಲ್ಯಾನ್ಸರ್ಸ್ ತಂಡದ ಮಾಲೀಕತ್ವದಲ್ಲೂ ಅಲ್ಲಿನ ಸರ್ಕಾರಿ ನಿಗಮದ ಪಾಲಿತ್ತು. ಅಲ್ಲಿ ಹಾಕಿ ರಾಜ್ಯದ ಗುರುತಾಗಿದೆ. ಇಲ್ಲಿ ಅದು ಹಲವು ಕ್ರೀಡೆಗಳಲ್ಲಿ ಒಂದು.

ಬೆಂಗಳೂರಿನಲ್ಲಿ ಹಾಕಿಯನ್ನು ಪೋಷಿಸಿದ್ದು ಬೇರೆಯೇ ವ್ಯವಸ್ಥೆ. ಸೇನೆಯ ಎಂಇಜಿ ಮತ್ತು ಎಎಸ್‌ಸಿ ಕೇಂದ್ರಗಳು, ಸಾರ್ವಜನಿಕ ವಲಯದ ಕಾರ್ಖಾನೆಗಳು, ಬ್ಯಾಂಕುಗಳು ಆಟಗಾರರಿಗೆ ಉದ್ಯೋಗ ಕೊಟ್ಟು ತಂಡ ಕಟ್ಟುತ್ತಿದ್ದವು. ಬೆಳಿಗ್ಗೆ ಅಭ್ಯಾಸ, ನಂತರ ಕೆಲಸ, ವರ್ಷಾಂತ್ಯಕ್ಕೆ ಪಿಂಚಣಿಯ ಭರವಸೆ ಇರುವ ನೌಕರಿ. ಮಧ್ಯಮ ವರ್ಗದ ತಂದೆ ತಾಯಿಗೆ ಮಗನನ್ನು ಮೈದಾನಕ್ಕೆ ಕಳುಹಿಸಲು ಇದ್ದ ಧೈರ್ಯ ಅದೇ. ನಗರದ ಪೂರ್ವ ಭಾಗದಲ್ಲಿ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳ ಆಚೆಗೆ ಕುಂದಲಹಳ್ಳಿ, ವೈಟ್‌ಫೀಲ್ಡ್‌ಗಳು ಮಾಹಿತಿ ತಂತ್ರಜ್ಞಾನದ ಊರುಗಳಾಗಿ ಬೆಳೆದಾಗ ಉದ್ಯೋಗಗಳ ಸಂಖ್ಯೆ ಅನೇಕ ಪಟ್ಟು ಹೆಚ್ಚಿತು. ಆದರೆ ಕ್ರೀಡಾ ಕೋಟಾದ ನೇಮಕಾತಿ ಎಂಬ ಪದ್ಧತಿ ಆ ಹೊಸ ಕಚೇರಿಗಳಿಗೆ ಬರಲಿಲ್ಲ. ಕಂಪನಿಗಳ ಒಳಾಂಗಣದಲ್ಲಿ ಟೇಬಲ್ ಟೆನಿಸ್ ಬಂತು, ಬಾಡಿಗೆಯ ಕಿರು ಮೈದಾನಗಳಲ್ಲಿ ಫುಟ್‌ಬಾಲ್ ಬಂತು. 91.4 ಮೀಟರ್ ಉದ್ದ, 55 ಮೀಟರ್ ಅಗಲದ ಟರ್ಫ್ ಬೇಡುವ ಹಾಕಿಗೆ ನಿವೇಶನದ ಬೆಲೆಯೇ ಎದುರಾಳಿಯಾಯಿತು.

ಮೂರನೆಯ ಕಾರಣವನ್ನು ಅಭಿಮಾನಿಗಳು ಅಷ್ಟಾಗಿ ಚರ್ಚಿಸುವುದಿಲ್ಲ. 2024-25ರ ಋತುವಿನ ಪಂದ್ಯಗಳು ರೂರ್ಕೆಲಾ ಮತ್ತು ರಾಂಚಿ ಎಂಬ ಎರಡೇ ಊರುಗಳಲ್ಲಿ ನಡೆದವು. ಹೈದರಾಬಾದ್ ತಂಡ ಹೈದರಾಬಾದ್‌ನಲ್ಲಿ ಆಡಲಿಲ್ಲ. ಬಂಗಾಳದ ತಂಡ ಕೋಲ್ಕತ್ತದಲ್ಲಿ ಆಡಲಿಲ್ಲ. ಹಾಗಾಗಿ ಬೆಂಗಳೂರಿನ ಹೆಸರಿನ ತಂಡ ಇದ್ದಿದ್ದರೂ ಶಾಂತಿನಗರದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣದಲ್ಲಿ ಅದನ್ನು ನೋಡುವ ಭಾಗ್ಯ ಆ ವರ್ಷ ದೊರೆಯುತ್ತಿರಲಿಲ್ಲ. ತಂಡದ ಹೆಸರು ಬೇಕೋ, ಊರಿನಲ್ಲಿ ಪಂದ್ಯ ಬೇಕೋ? ಎರಡೂ ಬೇಕು ಎನ್ನುವುದು ಸರಿಯಾದ ಉತ್ತರ. ಆದರೆ ಒಂದನ್ನೇ ಆರಿಸಬೇಕಾದರೆ ಎರಡನೆಯದಕ್ಕೆ ಹೆಚ್ಚು ಬೆಲೆಯಿದೆ.

ಬಲಾಬಲ ಅಳೆಯುವ ಬಗೆ

ಋತುವಿಗೆ ಮುನ್ನ ಅಭಿಮಾನಿಗಳು ಕೂಡಿದಲ್ಲೆಲ್ಲ ನಡೆಯುವ ಚರ್ಚೆ ಒಂದೇ: ಈ ಬಾರಿ ಯಾರು? ಈ ಪ್ರಶ್ನೆಗೆ ಹರಾಜಿನ ಪಟ್ಟಿಯಲ್ಲೇ ಅರ್ಧ ಉತ್ತರವಿರುತ್ತದೆ. ಮೊದಲು ನೋಡಬೇಕಾದದ್ದು ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸೆಳೆದು ಹೊಡೆಯುವ ಡ್ರ್ಯಾಗ್ ಫ್ಲಿಕ್ಕರ್ ಯಾರು ಎಂಬುದನ್ನು. 2024ರ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ, 78 ಲಕ್ಷ ರೂಪಾಯಿ, ಪಡೆದ ಹರ್ಮನ್‌ಪ್ರೀತ್ ಸಿಂಗ್ ಆ ಕಲೆಯ ನಿಪುಣ. ವಿದೇಶಿಯರಲ್ಲಿ ಅತಿ ದುಬಾರಿಯಾಗಿ 68 ಲಕ್ಷ ರೂಪಾಯಿಗೆ ಹೈದರಾಬಾದ್ ತೂಫಾನ್ಸ್ ಸೇರಿದ ಗೊಂಜಾಲೊ ಪೆಯಾಟ್ ಕೂಡ ಅದೇ ಕಲೆಯವರು.

ಆ ಋತುವಿನ ಫೈನಲ್ ಇದಕ್ಕೆ ನಿದರ್ಶನ. ಶ್ರಾಚಿ ರಾಢ್ ಬೆಂಗಾಲ್ ಟೈಗರ್ಸ್ ತಂಡ ಹೈದರಾಬಾದ್ ಅನ್ನು 4-3ರಿಂದ ಸೋಲಿಸಿತು. ಬಂಗಾಳದ ನಾಲ್ಕರಲ್ಲಿ ಮೂರು ಗೋಲು ಡ್ರ್ಯಾಗ್ ಫ್ಲಿಕ್ಕರ್ ಜುಗರಾಜ್ ಸಿಂಗ್ ಅವರದು. 12 ಗೋಲು ಗಳಿಸಿದ ಅವರೇ ಋತುವಿನ ಅಗ್ರ ಗೋಲು ಸಾಧಕ. ಒಂದು ಕಾಲದಲ್ಲಿ ರಘುನಾಥ್‌ಗೆ ಅಷ್ಟೊಂದು ಬೆಲೆ ಬಂದದ್ದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ.

ಎರಡನೆಯದಾಗಿ ನೋಡಬೇಕಾದದ್ದು ಗೋಲ್‌ಕೀಪರ್. ತಮಿಳುನಾಡು ಡ್ರ್ಯಾಗನ್ಸ್ ತಂಡ ಐರ್ಲೆಂಡ್‌ನ ಡೇವಿಡ್ ಹಾರ್ಟ್‌ಗೆ 32 ಲಕ್ಷ ರೂಪಾಯಿ ಕೊಟ್ಟದ್ದು ಸುಮ್ಮನೆ ಅಲ್ಲ. ಶೂಟೌಟ್‌ಗೆ ಹೋಗುವ ಪಂದ್ಯಗಳಲ್ಲಿ ಇಡೀ ತಂಡದ ಭವಿಷ್ಯ ಒಬ್ಬನ ಪ್ಯಾಡ್‌ಗಳ ಮೇಲೆ ನಿಲ್ಲುತ್ತದೆ. ಮೂರನೆಯದು ಬೆಂಚಿನ ಬಲ. 2024-25ರಲ್ಲಿ ಐದು ವಾರಗಳಲ್ಲಿ ಇಡೀ ಲೀಗ್ ಮುಗಿದದ್ದರಿಂದ ಹತ್ತು ಪಂದ್ಯಗಳಿಗೆ ವಿಶ್ರಾಂತಿಯ ದಿನಗಳು ಕಡಿಮೆ ಇದ್ದವು. ತಾರೆಯರ ಮೇಲೆ ಹಣವೆಲ್ಲ ಸುರಿದ ತಂಡ ಎರಡನೆಯ ವಾರದಲ್ಲಿ ಹೊಳೆದು ನಾಲ್ಕನೆಯ ವಾರದಲ್ಲಿ ಬಾಡುವ ಅಪಾಯವಿದೆ. ಅಲ್ಲಿ ಕೈಹಿಡಿಯುವವರು ಮತ್ತೆ ಆ ನಾಲ್ವರು ಜೂನಿಯರ್‌ಗಳೇ.

ಹಾಗಾದರೆ ಬೆಂಗಳೂರಿನ ಅಭಿಮಾನಿ ಯಾರ ಪಕ್ಷ ವಹಿಸಬೇಕು? ನೆರೆಯ ಹೈದರಾಬಾದ್, ತಮಿಳುನಾಡುಗಳನ್ನು ಕೆಲವರು ಆರಿಸಿಕೊಳ್ಳುತ್ತಾರೆ. ಪಂಜಾಬಿನ ಸೂರ್ಮಾ ತಂಡದ ಒಡೆತನ ಜೆಎಸ್‌ಡಬ್ಲ್ಯು ಸ್ಪೋರ್ಟ್ಸ್‌ನದು. ಬೆಂಗಳೂರು ಎಫ್‌ಸಿ ಕೂಡ ಅದೇ ಸಂಸ್ಥೆಯದು ಎಂಬ ನಂಟು ಕೆಲವರಿಗೆ ಸಾಕಾಗಬಹುದು. ಒಡಿಶಾ, ಜಾರ್ಖಂಡ್, ಪಂಜಾಬ್‌ಗಳಿಂದ ಐಟಿ ಕಾರಿಡಾರ್‌ಗೆ ಉದ್ಯೋಗ ಅರಸಿ ಬಂದವರಿಗೆ ಈ ಗೊಂದಲವಿಲ್ಲ; ಅವರು ತಮ್ಮ ತಂಡವನ್ನು ಊರಿನಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ತವರಿನಲ್ಲಿದ್ದೂ ತವರು ತಂಡವಿಲ್ಲದವರು ಕನ್ನಡಿಗರು ಮಾತ್ರ.

ಕೊಡಗು ಕಲಿಸುವ ಪಾಠ

ತಂಡವೆಂದರೆ ಏನು ಎಂಬುದಕ್ಕೆ ರಾಜ್ಯದೊಳಗೇ ಬೇರೊಂದು ಉತ್ತರವೂ ಇದೆ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಪ್ರಯತ್ನದಿಂದ 60 ಕುಟುಂಬ ತಂಡಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಡೆದಾಗ ತಂಡಗಳ ಸಂಖ್ಯೆ 360ಕ್ಕೆ ಏರಿತ್ತು. ಗಿನ್ನೆಸ್ ದಾಖಲೆಯ ಗೌರವವೂ ಆ ವರ್ಷದ ಉತ್ಸವಕ್ಕೆ ಸಂದಿತು. 2018ರ ಭೂಕುಸಿತ ಮತ್ತು ಆನಂತರದ ಕೋವಿಡ್‌ನಿಂದಾಗಿ ಕೆಲ ವರ್ಷ ನಿಂತುಹೋಗಿದ್ದ ಉತ್ಸವ 2023ರಲ್ಲಿ ಮತ್ತೆ ಆರಂಭವಾಗಿ ಅಷ್ಟು ಎತ್ತರಕ್ಕೆ ಬೆಳೆದದ್ದು ವಿಶೇಷ.

ಇಲ್ಲಿ ಹರಾಜಿಲ್ಲ, ಮಾಲೀಕನಿಲ್ಲ. ಮನೆತನದ ಹೆಸರೇ ತಂಡದ ಹೆಸರು. ಮಹಿಳೆಯರೂ ಹಿರಿಯರೂ ಒಂದೇ ತಂಡದಲ್ಲಿ ಕೋಲು ಹಿಡಿಯುವುದುಂಟು. ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವ ಎಷ್ಟೋ ಕೊಡವ ಯುವಕರು ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋಗುವುದು ಈ ಪಂದ್ಯಗಳಿಗಾಗಿ. ಅವರ ಪಾಲಿಗೆ ಋತುವೆಂದರೆ ಅದೇ. ತಂಡದ ಬಲಾಬಲದ ಚರ್ಚೆ ಆರಂಭವಾಗುವುದೂ ಯಾವ ಅಣ್ಣನಿಗೆ ಮೊಣಕಾಲು ನೋವು, ಯಾವ ತಮ್ಮನಿಗೆ ಪರೀಕ್ಷೆ ಎಂಬ ಲೆಕ್ಕದಿಂದ.

ಆದರೆ ಕೌಟುಂಬಿಕ ಉತ್ಸವ ಆಟದ ಪ್ರೀತಿಯನ್ನು ಉಳಿಸಬಲ್ಲದು. ಒಲಿಂಪಿಯನ್ ಒಬ್ಬನನ್ನು ತಯಾರಿಸುವ ಕೆಲಸ ಅದರಿಂದ ಪೂರ್ಣವಾಗಲಾರದು. ಆ ಉತ್ಸವದಲ್ಲಿ ಕಣ್ಣಿಗೆ ಬೀಳುವ ಹದಿನೈದರ ಹುಡುಗನಿಗೆ ಮುಂದಿನ ಮೆಟ್ಟಿಲಾಗಿ ವಸತಿ ಶಾಲೆ ಬೇಕು, ನಂತರ ಗಟ್ಟಿಯಾದ ರಾಜ್ಯ ಲೀಗ್ ಬೇಕು, ಅದರಾಚೆಗೆ ವೃತ್ತಿಪರ ತಂಡ ಬೇಕು. ಮೊದಲ ಎರಡು ಮೆಟ್ಟಿಲುಗಳು ಸವೆದಿದ್ದರೂ ಕರ್ನಾಟಕದಲ್ಲಿವೆ. ಇಲ್ಲದಿರುವುದು ಮೂರನೆಯದು.

ಹೊಸ ಫ್ರಾಂಚೈಸಿಗೆ ಅವಕಾಶ ತೆರೆದಾಗ ರಾಜ್ಯದ ಉದ್ಯಮಿಗಳು ಮುಂದೆ ಬರುತ್ತಾರೋ, ಸರ್ಕಾರ ಬೆಂಬಲಕ್ಕೆ ನಿಲ್ಲುತ್ತದೋ ಎಂಬುದರ ಮೇಲೆ ಮುಂದಿನ ಮಾತು ನಿಂತಿದೆ. 4 ಕೋಟಿ ರೂಪಾಯಿಯ ಆಟಗಾರರ ವೆಚ್ಚ ದೊಡ್ಡ ಮೊತ್ತವೇ ಹೌದು. ಆದರೆ ಹೊರವರ್ತುಲ ರಸ್ತೆಯಿಂದ ವೈಟ್‌ಫೀಲ್ಡ್‌ವರೆಗೆ ಹಬ್ಬಿರುವ ಕಂಪನಿಗಳ ಊರಿಗೆ ಅದು ಎಟುಕದ ಮೊತ್ತವಲ್ಲ. ಎರಡು ಬಾರಿ ದೇಶದ ಲೀಗ್ ಗೆದ್ದ ಊರಿಗೆ ಹಾಕಿ ಹೊಸದಾಗಿ ಪರಿಚಯವಾಗಬೇಕಿಲ್ಲ; ಮತ್ತೊಮ್ಮೆ ಒಡೆಯರು ಸಿಗಬೇಕಿದೆ, ಅಷ್ಟೇ.